ಹದಿನೇಳನೆಯ ಪೇವಿನ ಆಳ

ರೇವಪ್ಪ ಸತ್ತವನ ಕಂಬಳಿಯನ್ನು ಮೂಗಿಗೆ ಹಿಡಿದು ಮೂಸಿದ.

ಗುಡಿಸಲ ಬಾಗಿಲಿಗೆ ಒರಗಿ ತುಳಸವ್ವ ನೋಡುತ್ತ ನಿಂತಿದ್ದಳು. ಗಂಡ ಧೋಂಡಿಬಾ ಹೋಗಿ ಇವತ್ತಿಗೆ ಮೂರು ದಿನ. ಈ ಮೂರು ದಿನ ಹರಿಪುರದ ಮಂದಿಯೆಲ್ಲ ಬಂದು ಅವಳು ಅಳುವುದನ್ನು ನೋಡಿಕೊಂಡು ಹೋಗಿದ್ದರು. ಕಂಬಳಿ ತೋರಿಸು ಎಂದವನು ಈ ಮಿರಜದ ಮುದುಕ ಒಬ್ಬನೇ.

"ಏನ್ ಮೂಸ್ತೀರಿ ಯಜಮಾನ್ರ? ಕುರಿ ನಾತ ಬರ್ತೈತಿ ಅದರಾಗ."

"ಕುರಿ ನಾತ ಬರೂದ ಬರ್ಲಿ ಬಿಡವ್ವ. ಅರಿಷಿಣದ ವಾಸನಿ ಬರ್ತೈತೇನು ಅಂತ ನೋಡಿದ್ನಿ."

"ಬಂತರಿ?"

"ಇಲ್ಲ."

ಸೋಮವಾರ ಬೆಳಿಗ್ಗೆ ಹದಿನೇಳನೆಯ ಪೇವಿನ ತಳದಲ್ಲಿ ಕಾವಲುಗಾರ ಧೋಂಡಿಬಾ ಸತ್ತು ಬಿದ್ದಿದ್ದ; ಆದಿತ್ಯವಾರ ಸಂಜೆ ಅದರ ಬಾಯಿ ಮುಚ್ಚದೆ ಹೋದನೆಂದು ಸ್ಕೌಟು ತುಕಡಿಯ ಮುಂದಾಳು, ಹದಿನಾರು ವರ್ಷದ ಗುರಲಿಂಗನನ್ನು ಸಾಂಗಲಿ ಸಂಸ್ಥಾನದ ಪೋಲೀಸರು ಚಾವಡಿಯಲ್ಲಿ ಕೂಡಿಸಿದ್ದರು.

ಪೇವ ಎಂದರೆ ನೆಲದೊಳಗಿನ ಕಣಜ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು ಸಣ್ಣದು, ಹೊಟ್ಟೆ ಮಾತ್ರ ನೀರಿನ ಕೊಡದ ಹಾಗೆ ಅಗಲ. ಒಳಗೆಲ್ಲ ಸಗಣಿ ಸಾರಿಸಿ, ಕಬ್ಬಿನ ಒಣಗರಿಯ ರವದಿ ಹಾಸಿ, ಅರಿಷಿಣ ತುಂಬಿ, ಮೇಲೆ ಚಪ್ಪಡಿ ಎಳೆದು ಮಣ್ಣು ಮೆತ್ತಿದರೆ ಮೂರು ವರ್ಷವಾದರೂ ಹುಳ ಹತ್ತುವುದಿಲ್ಲ. ನಲವತ್ತು ವರ್ಷ ಅರಿಷಿಣ ಉಂಡ ಪೇವಿನ ತಳ ಖಾಲಿ ಇದ್ದಾಗಲೂ ಮದುಮಗಳ ಕೆನ್ನೆಯ ಬಣ್ಣ ಬಿಡುವುದಿಲ್ಲ.

"ನಿನ್ನ ಗಂಡ ಖಾಲಿ ಪೇವಿನಾಗ ಇಳದು ಬಂದ್ರ ಧೋತರ ಹೆಂಗ ಇರತಿತ್ತು?" ರೇವಪ್ಪ ಕೇಳಿದ.

"ಅದನ್ನೇನ ಕೇಳ್ತೀರಿ. ಹಳದಿ ಹಚ್ಚಿದ ಮದಿಮಗನಂಗ ಬರತಿದ್ರು. ಒಗದ ಒಗದ ನೋಡ್ರಿ ಇಲ್ಲಿ." ತುಳಸವ್ವ ಅಂಗೈ ಚಾಚಿದಳು. ಗೆರೆಗಳ ಒಳಗೆಲ್ಲ ಹಳದಿ ಕೂತಿತ್ತು.

ರೇವಪ್ಪ ಕಂಬಳಿಯನ್ನು ಬಿಸಿಲಿಗೆ ಹಿಡಿದ. ಬೆನ್ನಿನ ಕಡೆಗೆ ಮಣ್ಣು ಹೆಪ್ಪುಗಟ್ಟಿ ಅಂಟಿತ್ತು. ಉಗುರಿನಿಂದ ಕೆರೆದು ಬೆರಳಲ್ಲಿ ತಿಕ್ಕಿದ. ಎರೆಮಣ್ಣು, ಕಪ್ಪಗೆ, ಒಳಗಿನ್ನೂ ಹಸಿ. ಧೋತರವನ್ನೂ ನೋಡಿದ. ಅಲ್ಲಿಯೂ ಅದೇ. ಹಳದಿಯ ಒಂದು ಕಲೆ ಸಹ ಇರಲಿಲ್ಲ.

ಅರಿಷಿಣದ ಪೇವಿನಲ್ಲಿ ಬಿದ್ದು ಸತ್ತವನ ಮೈಗೆ ಅರಿಷಿಣ ಹತ್ತಿಲ್ಲ.

"ಇದನ್ನ ಒಗೀಬ್ಯಾಡವ್ವ. ಯಾರ ಬಂದು ಕೇಳಿದ್ರೂ ಕೊಡಬ್ಯಾಡ."

"ಆತರಿ." ತುಳಸವ್ವ ಕಂಬಳಿಯನ್ನು ಮಡಚಿ ಎದೆಗೆ ಅವಚಿಕೊಂಡಳು. "ಆ ಹುಡುಗನ್ನ ಬಿಡಿಸ್ರಿ ಯಜಮಾನ್ರ. ನಮ್ಮವ್ರು ಅವಗ ಮಗಾ ಮಗಾ ಅಂತಿದ್ರು. ವಾರದಾಗ ಮೂರ ಸರ್ತಿ ಬರಾಂವ. ಇಬ್ರೂ ಕೂಡಿ ರೊಟ್ಟಿ ತಿಂದು ಪೇವಿನ ಹೊಲಕ್ಕ ಹೋಗೋರು. ನಕಾಶಿ ಕೆಲಸ ಐತಿ ಅಂತಿದ್ದ."

"ನಕಾಶಿ ಕೆಲಸ ಅಂದ್ರ ತಿರಗಾಟ ಇರೂದ," ಎಂದು ರೇವಪ್ಪ ಛತ್ರಿ ಎತ್ತಿಕೊಂಡ.

ಊರಿಗೆ ಉಪಕಾರ ಮಾಡಬಾರದು, ಹೆಣಕ್ಕೆ ಶೃಂಗಾರ ಮಾಡಬಾರದು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಗುರಲಿಂಗನ ನವಿಲು ತುಕಡಿಯ ಆರು ಹುಡುಗರು ಮಾಡಲು ಹೋದದ್ದು ಉಪಕಾರವೇ. ಸ್ಕೌಟಿನ ದೊಡ್ಡ ಪದಕ ಬೇಕೆಂದರೆ ತುಕಡಿಯವರೆಲ್ಲ ಕೂಡಿ ಊರಿಗೆ ಬೇಕಾದ ಒಂದು ಕೆಲಸವನ್ನು ಮೊದಲಿನಿಂದ ಕಡೆತನಕ ಮುಗಿಸಬೇಕು. ಒಬ್ಬ ತಪ್ಪಿದರೆ ಆರೂ ಜನಕ್ಕೆ ಪದಕವಿಲ್ಲ. ಹರಿಪುರದ ಹೊಲಗಳಲ್ಲಿ ಪೇವಿನ ಬಾಯಿ ಎಲ್ಲೆಲ್ಲಿದೆ ಎಂಬುದು ಮಾಲಕರಿಗೆ ಬಿಟ್ಟರೆ ಯಾರಿಗೂ ತಿಳಿಯದು. ವರ್ಷಕ್ಕೆ ಎರಡು ಎಮ್ಮೆಯಾದರೂ ಬಿದ್ದು ಕಾಲು ಮುರಿದುಕೊಳ್ಳುತ್ತಿದ್ದವು. ಹುಡುಗರು ಎಲ್ಲ ಪೇವಿನ ನಕಾಶೆ ತೆಗೆದು, ಒಂದೊಂದಕ್ಕೂ ನಂಬರು ಕೊಟ್ಟು, ಪಕ್ಕದಲ್ಲಿ ಸುಣ್ಣ ಬಳಿದ ಗೂಟ ನೆಡುವುದೆಂದು ಠರಾಯಿಸಿದರು.

ಅದನ್ನು ಪರೀಕ್ಷೆ ಮಾಡಲು ಸ್ಕೌಟು ಮಾಸ್ತರರು ಮಿರಜದಿಂದ ರೇವಪ್ಪನನ್ನು ಕರೆಸಿದ್ದರು. ಮಿರಜ ಸಂಸ್ಥಾನದ ಮೋಜಣಿ ಖಾತೆಯಲ್ಲಿ ಮೂವತ್ತು ವರ್ಷ ಭೂಮಿ ಅಳೆದ ಆಸಾಮಿ. ಅಳೆಯುತ್ತ ಅಳೆಯುತ್ತ ಎರಡು ಕೊಲೆ, ಒಂದು ದೇವಸ್ಥಾನದ ಕಳವು ಪತ್ತೆ ಹಚ್ಚಿದ್ದ. ಅವನಿಗೆ ಮನುಷ್ಯರ ಮೇಲೆ ವಿಶ್ವಾಸ ಕಡಿಮೆ, ಅಳತೆಯ ಸರಪಳಿಯ ಮೇಲೆ ಹೆಚ್ಚು. ಹುಡುಗರಿಗೆ ಮೊದಲ ದಿನವೇ ಒಂದು ಕಟ್ಟಳೆ ಹಾಕಿಕೊಟ್ಟಿದ್ದ. ಒಬ್ಬ ತೂಕದ ಗುಂಡು ಕಟ್ಟಿದ ಹುರಿಯನ್ನು ಪೇವಿನೊಳಗೆ ಇಳಿಸಬೇಕು, ಇನ್ನೊಬ್ಬ ಓದಬೇಕು. ಆಮೇಲೆ ಅದಲು ಬದಲು. ಎರಡು ಸಲವೂ ಒಂದೇ ಬಂದರೆ ವಹಿಯಲ್ಲಿ ಬರೆದು ಇಬ್ಬರೂ ಸಹಿ ಹಾಕಬೇಕು. ಕಣ್ಣಾರೆ ನೋಡದ್ದಕ್ಕೆ ಸಹಿ ಹಾಕಬಾರದು.

ಆ ವಹಿ ಈಗ ರೇವಪ್ಪನ ಕೋಟಿನ ಕಿಸೆಯಲ್ಲಿತ್ತು. ದಾರಿಯ ಬೇವಿನ ನೆರಳಲ್ಲಿ ನಿಂತು ತೆರೆದು ನೋಡಿದ. ಎರಡು ವಾರದ ಹಿಂದಿನ ತಾರೀಖು. 'ಪೇವ ೧೭. ಖಾಲಿ. ಆಳ ೨೧ ಫೂಟು. ಬಾಯಿ ಮುಚ್ಚಲಾಯಿತು.' ಕೆಳಗೆ ಎರಡು ಸಹಿ: ಗುರಲಿಂಗ, ಭರಮಣ್ಣ.

ವಹಿ ಮುಚ್ಚಿ ಚಾವಡಿಯ ಕಡೆ ನಡೆದ.

* * *

ಚಾವಡಿಯ ಕಟ್ಟೆಯ ಮೇಲೆ ಗುರಲಿಂಗನ ತಾಯಿ ಸಾವಂತ್ರವ್ವ ರೊಟ್ಟಿಯ ಗಂಟು ಹಿಡಿದು ಕೂತಿದ್ದಳು. ಸೋಮವಾರದಿಂದ ಅವಳು ಅಲ್ಲಿಂದ ಎದ್ದಿರಲಿಲ್ಲ. ರೇವಪ್ಪನನ್ನು ಕಂಡು ಸೆರಗು ಸರಿ ಮಾಡಿಕೊಂಡಳು, ಏನೂ ಕೇಳಲಿಲ್ಲ. ಕೇಳಿದ್ದರೆ ಅವನಿಗೆ ಸುಲಭವಾಗುತ್ತಿತ್ತು.

ಅವಳಿಂದ ನಾಲ್ಕು ಮಾರು ದೂರ, ಕಂಬದ ಹತ್ತಿರ, ಭರಮಣ್ಣ ನಿಂತಿದ್ದ. ಕೊರಳಲ್ಲಿ ಸ್ಕೌಟಿನ ಹಸಿರು ವಸ್ತ್ರ, ಕೈಯಲ್ಲಿ ಒಂದು ಕಾಗದ.

"ಏನಪಾ ಅದು?"

"ಸ್ಕೌಟು ಸಮಿತಿಯವ್ರು ಕೊಟ್ಟಾರರಿ ಕಾಕಾ." ಭರಮಣ್ಣ ಕಾಗದ ಚಾಚಿದ. "ಗುರಲಿಂಗ ಒಬ್ಬನ ತಪ್ಪಿನಿಂದ ಪೇವ ತೆರೆದು ಉಳೀತು, ನಮಗ ಸಂಬಂಧ ಇಲ್ಲ ಅಂತ ಬರದೈತಿ. ಐದೂ ಮಂದಿ ಸಹಿ ಮಾಡಿದ್ರ ಐದೂ ಮಂದಿಗೆ ಪದಕ ಕೊಡ್ತಾರಂತ."

"ಎಷ್ಟ ಮಂದಿ ಮಾಡ್ಯಾರ?"

"ನಾಕ ಮಂದಿ. ನಂದೊಂದ ಉಳದೈತಿ. ನಾ ಮಾಡ್ಲಿಲ್ಲಂದ್ರ ಅವ್ರ ನಾಕೂ ಮಂದೀದ ಹೋಗ್ತೈತಂತ. ಮನ್ಯಾಗ ಅಪ್ಪಾ ಬೈದಾನ."

"ಮತ್ತ ಯಾಕ ಮಾಡಿಲ್ಲ?"

ಭರಮಣ್ಣ ನೆಲ ನೋಡಿದ. "ನಾ ನೋಡಿಲ್ಲಲ್ಲರಿ ಕಾಕಾ. ಆದಿತ್ವಾರ ನಾ ಲಗೂನ ಮನಿಗೆ ಹೋಗಿದ್ನಿ. ನೋಡದ್ದಕ್ಕ ಸಹಿ ಹಾಕಬ್ಯಾಡ್ರಿ ಅಂತ ನೀವ ಹೇಳೀರಿ."

ರೇವಪ್ಪನಿಗೆ ಸಂತೋಷವಾಯಿತು. ಅದರ ಬೆನ್ನಿಗೇ ಸಿಟ್ಟೂ ಬಂತು. ಆರು ಜನ ಒಬ್ಬರ ಕೈ ಒಬ್ಬರು ಬಿಡಬಾರದೆಂದು ಕಲಿಸುವ ಪದಕಕ್ಕಾಗಿ ಒಬ್ಬನ ಕೈ ಬಿಡಿಸುತ್ತಿದ್ದಾರಲ್ಲ, ಈ ದೊಡ್ಡ ಮಂದಿಗೆ ಏನೆನ್ನಬೇಕು? ಕಾಗದವನ್ನು ಮಡಚಿ ಹುಡುಗನ ಕಿಸೆಗೇ ತುರುಕಿದ.

"ಸಂಜಿತನ ಇಟ್ಕೋ. ಹುರಿ, ಗುಂಡು ತಂದಿಯೇನ?"

"ಚೀಲದಾಗ ಅದಾವರಿ."

ಒಳಗೆ ಹವಾಲ್ದಾರ ಜ್ಯೋತೆಪ್ಪ ಎಲೆ ಮಡಚುತ್ತಿದ್ದ. ಹೌದಪ್ಪನ ಚಾವಡಿಯಲ್ಲಿ ಹೌದಪ್ಪ, ಅಲ್ಲಪ್ಪನ ಚಾವಡಿಯಲ್ಲಿ ಅಲ್ಲಪ್ಪ ಅನ್ನುವ ಜಾತಿ. ಕೆಟ್ಟವನಲ್ಲ, ಆದರೆ ಯಾರದಾದರೂ ಹುಕುಮಿಲ್ಲದೆ ಸೀನುವವನೂ ಅಲ್ಲ.

"ಬರ್ರಿ ಮೋಜಣಿ ಸಾಹೇಬ್ರ, ಕುಂದ್ರಿ. ಸಂಜಿ ಐದಕ್ಕ ವರದಿ ದರಬಾರಿಗೆ ಹೊಂಟೈತಿ. ಆಮ್ಯಾಲ ನಂದೇನೂ ಕೈಯಾಗಿಲ್ಲ. ಸಾಲಿಯಿಂದ ಹೆಸರ ತೆಗೀತಾರ, ಹುಡುಗರ ತುರಂಗಕ್ಕ ಕಳಿಸ್ತಾರ."

ಗೋಡೆಯ ಬುಡದಲ್ಲಿ ಗುರಲಿಂಗ ಕೂತಿದ್ದ. ಉದ್ದ ಮುಖದ, ಎತ್ತರದ ಹುಡುಗ. ಎರಡೂ ಕೈ ಮುಷ್ಟಿ ಮಾಡಿ ಮೊಣಕಾಲ ಮೇಲಿಟ್ಟಿದ್ದ.

ರೇವಪ್ಪ ಅವನ ಎದುರು ಕುಕ್ಕುರುಗಾಲಲ್ಲಿ ಕೂತ. "ಆದಿತ್ವಾರ ಹೊತ್ತು ಮುಳಗೋಮುಂದ ಹದಿನೇಳನೇ ಪೇವಿನ ಹತ್ರ ನೀ ಒಬ್ಬಾಂವ ಇದ್ದಿ. ಹೊಲದ ಮಾಲಕ ಬಾಳಾಸಾಹೇಬ್ರು ಕಂಡಾರ. ಏನ ಮಾಡ್ತಿದ್ದಿ?"

"ಗೂಟ ಬಡೀತಿದ್ನಿರಿ."

"ಚಪ್ಪಡಿ ಸರಿಸಿದ್ದೇನ?"

"ನಾ ಮುಚ್ಚೇ ಬಂದೇನಿ ಕಾಕಾ."

"ನಾ ಕೇಳಿದ್ದು ಅದಲ್ಲ."

ಹುಡುಗ ಮುಷ್ಟಿ ಇನ್ನೂ ಬಿಗಿ ಮಾಡಿದ. ರೇವಪ್ಪ ಅವನ ಬಲಗೈ ಹಿಡಿದು ಮುಷ್ಟಿ ಬಿಡಿಸಿದ. ಬೆರಳ ಬುಡದಲ್ಲಿ ಸಾಲಾಗಿ ನಾಲ್ಕು ಬೊಬ್ಬೆ ಒಡೆದು, ಚರ್ಮ ಸುಲಿದಿತ್ತು. ಎಡಗೈಯಲ್ಲೂ ಹಾಗೇ.

"ಗೂಟ ಬಡದು ಆಗ್ಯಾವೇನ?"

ಗುರಲಿಂಗ ಹೌದೆಂಬಂತೆ ತಲೆಯಾಡಿಸಿ ಕೈ ಹಿಂದಕ್ಕೆಳೆದುಕೊಂಡ. ರೇವಪ್ಪ ಮುಂದೆ ಕೇಳಲಿಲ್ಲ. ಗಾಯ ಮಾಡಿಕೊಂಡು ದುಡಿದ ಹುಡುಗನನ್ನು ಹೀಗೆ ಕೂಡಿಸಿದ್ದಾರಲ್ಲ ಎಂದು ಅವನ ಕರುಳು ಚುರ್ ಎಂದಿತು. ಕರುಳು ಚುರ್ ಎಂದಾಗ ಮನುಷ್ಯ ಲೆಕ್ಕ ಮರೆಯುತ್ತಾನೆ. ಮೋಜಣಿಯವನೂ ಮನುಷ್ಯನೇ.

ಎದ್ದು ಜ್ಯೋತೆಪ್ಪನ ಕಡೆ ತಿರುಗಿದ.

"ಹವಾಲ್ದಾರ್ರ, ವರದಿಯೊಳಗ ಪೇವಿನ ಆಳ ಎಷ್ಟ ಬರದೀರಿ?"

"ಅಂದಾಜು ಇಪ್ಪತ್ತು ಫೂಟು."

"ಅಂದಾಜು?" ರೇವಪ್ಪ ಹುಬ್ಬೇರಿಸಿದ. "ಬಿದ್ದು ಸತ್ತಾನ ಅಂತ ದರಬಾರಿಗೆ ಬರೀತೀರಿ, ಎಷ್ಟ ಮ್ಯಾಲಿಂದ ಬಿದ್ದಾನ ಅನ್ನೂದು ಅಂದಾಜು? ದಿವಾಣ ಸಾಹೇಬ್ರು ಕೇಳಿದ್ರ ಏನ ಹೇಳ್ತೀರಿ?"

ಜ್ಯೋತೆಪ್ಪನ ಎಲೆ ಅರ್ಧ ದಾರಿಯಲ್ಲಿ ನಿಂತಿತು. "ಅಳೀಬೇಕಂತೀರಿ?"

"ಅಳೀಬೇಕು. ಕಟ್ಟಳಿ ಪ್ರಕಾರ ಮೊದಲ ಅಳದ ಇಬ್ರೇ ಅಳೀಬೇಕು. ಭರಮಣ್ಣ ಹೊರಗ ನಿಂತಾನ. ಈ ಹುಡುಗನ್ನ ಒಂದ ತಾಸು ಕೊಡ್ರಿ. ನೀವೂ ಬರ್ರಿ ಸಂಗಟ."

ಜ್ಯೋತೆಪ್ಪ ಎಲೆಯನ್ನು ಬಾಯಿಗೆ ಹಾಕಿ, ಟೋಪಿ ಹಾಕಿಕೊಂಡ. ಗುರಲಿಂಗ ಮಾತ್ರ ಏಳಲಿಲ್ಲ.

"ಕಾಕಾ," ಎಂದ ಮೆಲ್ಲಗೆ, "ಬ್ಯಾರೆ ಪೇವ ಅಳದ್ರ ನಡೀದಿಲ್ಲೇನ್ರಿ?"

ಸತ್ತವನ ಜಾಗ ನೋಡಲು ಹುಡುಗ ಅಂಜುತ್ತಿದ್ದಾನೆ ಎಂದುಕೊಂಡ ರೇವಪ್ಪ. "ಅಂಜಬ್ಯಾಡ. ನಾ ಅದೇನಿ," ಎಂದು ರಟ್ಟೆ ಹಿಡಿದು ಎಬ್ಬಿಸಿದ.

* * *

ಹೊಲದ ತುಂಬ ಸುಣ್ಣದ ಗೂಟಗಳು ಬೆಳ್ಳಗೆ ನಿಂತಿದ್ದವು. ನಂಬರು ಕೆಂಪು ಬಣ್ಣದಲ್ಲಿ. ಆರು ಹುಡುಗರ ಎರಡು ತಿಂಗಳ ಕೆಲಸ ಒಂದೇ ನೋಟಕ್ಕೆ ಕಾಣುತ್ತಿತ್ತು, ಒಂದು ಗೂಟವೂ ಸೊಟ್ಟಗಿರಲಿಲ್ಲ.

ಹದಿನೇಳನೆಯ ಗೂಟದ ಹತ್ತಿರ ಬಾಳಾಸಾಹೇಬ ಆಗಲೇ ನಿಂತಿದ್ದ. ಸುದ್ದಿಗೆ ಕಾಲಿಲ್ಲದಿದ್ದರೂ ಹವಾಲ್ದಾರನಿಗಿಂತ ಮುಂದೆ ಹೋಗುತ್ತದೆ. ಸಾಂಗಲಿ ಪೇಟೆಯ ಅರಿಷಿಣದ ಅಡತಿ ಅಂಗಡಿ ಅವನದು. ಈ ಹೊಲ, ಈ ಪೇವುಗಳು, ಹಿಂದೆ ನಿಂತ ನಾಲ್ಕು ಆಳುಗಳು, ಸತ್ತ ಕಾವಲುಗಾರ, ಎಲ್ಲ ಅವನವೇ. ಹಣೆಗೆ ಅಚ್ಚುಕಟ್ಟಾದ ವಿಭೂತಿ, ಎದೆಯ ಮೇಲೆ ಬೆಳ್ಳಿಯ ಕರಡಿಗೆ, ಹೆಗಲ ಮೇಲೆ ಜರಿಯ ಶಲ್ಯ.

"ಅಹೋ ಮೋಜಣಿ ಕಾಕಾ! ಮಿರಜದಾಗ ಅಳಿಯೋ ಜಮೀನು ತೀರಿತೇನ್ರಿ?"

"ಮಿರಜದ್ದೆಲ್ಲ ಅಳದು ಪೆನ್ಶನ್ ತಗೊಂಡೇನ್ರಿ. ಈಗ ಫುಕಟ ಅಳೀತೇನಿ."

"ಇಲ್ಲಿ ನಕೋ. ನನ್ನ ಹೊಲದಾಗ ಹೆಣ ಬಿದ್ದೈತಿ. ಇನ್ನ ಮ್ಯಾಲ ಸ್ಕೌಟೂ ಬ್ಯಾಡ, ನಕಾಶೀನೂ ಬ್ಯಾಡ. ಹವಾಲ್ದಾರ್ರ, ಇವರನ್ನ ಕರಕೊಂಡ ಹೋಗ್ರಿ."

ಜ್ಯೋತೆಪ್ಪ ಒಂದು ಹೆಜ್ಜೆ ಹಿಂದೆ ಹಾಕಿದ. ರೇವಪ್ಪ ವಹಿಯ ನಡುವಿನಿಂದ ಒಂದು ಚೀಟಿ ತೆಗೆದ.

"ಇದು ನಿಮ್ಮ ಸಹಿ ಅಲ್ಲೇನ್ರಿ? ಎರಡ ತಿಂಗಳ ಹಿಂದ ಕೊಟ್ಟೀರಿ. ಪರೀಕ್ಷಾ ಮುಗಿಯೋತನಕ ಹುಡುಗರು ಅಳೀಬಹುದು ಅಂತ ಐತಿ. ಪರೀಕ್ಷಾ ನಾ ಇನ್ನೂ ಮುಗಿಸಿಲ್ಲ."

ಬಾಳಾಸಾಹೇಬ ಚೀಟಿ ನೋಡಿದ. ವ್ಯಾಪಾರಿ ಮನುಷ್ಯ, ತನ್ನ ಸಹಿಯನ್ನು ತಾನು ಅಲ್ಲಗಳೆಯಲಾರ. ಮೋರೆ ಮಾತ್ರ ಕೆಂಪಾಯಿತು.

"ಅಳೀರಿ. ಅಳದು ಏನ ಮಾಡ್ತೀರಿ? ಸತ್ತಾಂವ ಎದ್ದು ಬರ್ತಾನೇನ?"

"ಈ ಪೇವ ಎಷ್ಟ ಆಳ ಐತ್ರಿ?"

"ನೂರಾ ಅರವತ್ತು ಚೀಲ."

"ನಾ ಆಳ ಕೇಳಿದ್ನಿ."

"ಆಳ ಯಾವಾಂವ ಅಳೀತಾನ್ರಿ? ಪೇವಿಗೆ ಚೀಲದ ಮ್ಯಾಲ ಹೆಸರು. ನಮ್ಮಜ್ಜನ ಕಾಲದಿಂದ ಇದು ನೂರಾ ಅರವತ್ತರ ಪೇವ. ಫೂಟು ಇಂಚು ನಮಗ ಬೇಕಾಗಿಲ್ಲ."

ರೇವಪ್ಪನಿಗೆ ಬೇಕಾದದ್ದೂ ಇದೇ ಮಾತು. ಹರಿಪುರದಲ್ಲಿ ಹುಟ್ಟಿ ಬೆಳೆದವರು ಯಾರೂ ಖಾಲಿ ಪೇವಿನೊಳಗೆ ಹುರಿ ಇಳಿಸಿದವರಲ್ಲ. ಹಂಗಾಮಿನಲ್ಲಿ ತುಂಬುವಾಗ ಹತ್ತು ಚೀಲ ಕಡಿಮೆ ಹಿಡಿದರೆ ಹಮಾಲನನ್ನು ಬೈಯುತ್ತಾರೆ, ಸರಿಯಾಗಿ ತುಳಿದಿಲ್ಲ ಎನ್ನುತ್ತಾರೆ, ಮರೆಯುತ್ತಾರೆ. ಪೇವಿನ ತಳ ಮೇಲೆ ಬಂದರೂ ಇಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಆರು ಹುಡುಗರ ವಹಿಯೊಂದಕ್ಕೆ ಗೊತ್ತು.

"ಸೋಮವಾರ ಹೆಣ ತೆಗಿಯಾಕ ನೀವ ಇಳದ್ರ್ಯಾ?"

"ನನ್ನ ಆಳುಗಳು ಇಳದ್ರು. ನಾ ಮ್ಯಾಲ ನಿಂತಿದ್ನಿ."

"ಅವ್ರು ಮ್ಯಾಲ ಬಂದಾಗ ಕಾಲು ಯಾವ ಬಣ್ಣ ಇದ್ದೂರಿ?"

"ಕಾಲ?" ಬಾಳಾಸಾಹೇಬ ನಕ್ಕ. "ಹೆಣ ನೋಡೂದ ಬಿಟ್ಟು ಆಳುಗಳ ಕಾಲು ನೋಡ್ಕೋತ ನಿಂದ್ರಲ್ಯಾ?"

ಹಿಂದಿನಿಂದ ಒಬ್ಬ ಆಳು, ಕೇಳದಿದ್ದರೂ, ಬಾಯಿ ತೆರೆದ. "ಕರೀ ಆಗಿದ್ದೂರಿ ಯಜಮಾನ್ರ. ಎರಿ ಹೊಲದಾಗ ತುಳದಂಗ."

ಬಾಳಾಸಾಹೇಬ ತಿರುಗಿ ಕಣ್ಣು ಬಿಟ್ಟ. ಆಳು ಮಿಕ್ಕವರ ಹಿಂದೆ ಸರಿದ.

"ಶುಕ್ರವಾರ ಪೇಟ್ಯಾಗ ಧೋಂಡಿಬಾನ ಮ್ಯಾಲ ಕೈ ಎತ್ತಿದ್ರಿ ಅಂತ ಕೇಳೇನಿ," ರೇವಪ್ಪ ಸಂತೆಯ ಮಾತು ಆಡುವವನಂತೆ ಹೇಳಿದ.

"ಎತ್ತೇನಿ. ಎಲ್ಲಾರ ಮುಂದ ಎತ್ತೇನಿ. ನನ್ನ ಹೊಲದಾಗ ಏನೇನೋ ನಡಸ್ಯಾನ ಅಂತ ನನ್ನ ಕಿವಿಗೆ ಬಿತ್ತು. ಕೇಳಿದ್ರ ಬಾಯಿ ಬಿಡವಲ್ಲ. ಸಿಟ್ಟ ಬರೂದಿಲ್ಲೇನ್ರಿ?"

"ಏನ ನಡಸಿದ್ದ?"

"ಅದನ್ನ ಅವನ್ನ ಕೇಳ್ರಿ!" ಬಾಳಾಸಾಹೇಬನ ಕೈ ತಾನಾಗಿ ಹೆಗಲಿಗೆ ಹೋಗಿ ಶಲ್ಯ ಕೊಡವಿತು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ. ರೇವಪ್ಪನಿಗೆ ನಗು ಬಂತು, ನಗಲಿಲ್ಲ. ಹವಾಲ್ದಾರನಿಗೂ ಕೇಳಿಸಬೇಕೆಂದು ಸ್ವಲ್ಪ ದನಿ ಎತ್ತಿ ಹೇಳಿದ: "ಕೇಳ್ರಿ ಹವಾಲ್ದಾರ್ರ. ಅರಿಷಿಣದ ಪೇವಿನಾಗ ಬಿದ್ದಾನ, ಮೈಗೆ ಅರಿಷಿಣ ಇಲ್ಲ. ಎರಿ ಮಣ್ಣು ಐತಿ. ಸಗಣಿ ಸಾರಿಸಿದ ತಳಕ್ಕ ಎರಿ ಮಣ್ಣು ಹೆಂಗ ಬಂತು? ಯಾರೋ ಹಾಕ್ಯಾರ. ಯಾಕ ಹಾಕ್ಯಾರ? ಕೆಳಗ ಏನೋ ಮುಚ್ಚಾಕ. ಧೋಂಡಿಬಾ ಸಾಯೂಕಿಂತ ಮೊದಲ ಆ ಮಣ್ಣು ಅಲ್ಲಿ ಇತ್ತು. ಅಂದ್ರ ಇದು ಹುಡುಗ ಬಾಯಿ ಮುಚ್ಚಲಿಲ್ಲ, ಮುದುಕ ಬಿದ್ದಾ ಅನ್ನೂ ಕತಿ ಅಲ್ಲ. ಪೇವಿನ ಗುಟ್ಟು ಧೋಂಡಿಬಾಗ ಗೊತ್ತಿತ್ತು."

"ಮಣ್ಣು ಹಾಕ್ಯಾರ ಅನ್ನಾಕ ಸಾಕ್ಷಿ?" ಜ್ಯೋತೆಪ್ಪ ಕೇಳಿದ. ಮೊದಲ ಬಾರಿಗೆ ಅವನ ದನಿಯಲ್ಲಿ ಪೋಲೀಸು ಇತ್ತು.

"ಎರಡ ವಾರದ ಹಿಂದ ಇಪ್ಪತ್ತೊಂದು ಫೂಟು. ನಡೀ ಭರಮಣ್ಣಾ, ಇಳಸು."

ಆಳುಗಳು ಚಪ್ಪಡಿ ಸರಿಸಿದರು. ಒಳಗಿನಿಂದ ತಂಪು ಗಾಳಿ ಬಂತು. ಭರಮಣ್ಣ ಚೀಲದಿಂದ ಗುಂಡನ್ನು ತೆಗೆದು, ಹುರಿ ಬಿಚ್ಚುತ್ತ ಬಿಟ್ಟ. ಒಂದೊಂದು ಫೂಟಿಗೆ ಒಂದು ಕೆಂಪು ದಾರ ಕಟ್ಟಿದ ಹುರಿ. ಗುರಲಿಂಗ ಬಾಯಿಯ ಅಂಚಿನಲ್ಲಿ ಮೊಣಕಾಲೂರಿ ಎಣಿಸಬೇಕು. ಎಣಿಸಿದ. ದನಿ ಮಾತ್ರ ಅವನದಾಗಿರಲಿಲ್ಲ.

"ಹದಿನೇಳು... ಹದಿನೆಂಟು... ಹತ್ತೊಂಬತ್ತು."

ಹುರಿ ಸಡಿಲಾಯಿತು.

"ಅದಲು ಬದಲು," ಎಂದ ರೇವಪ್ಪ.

ಗುರಲಿಂಗ ಇಳಿಸಿದ. ಭರಮಣ್ಣ ಎಣಿಸಿದ. ಹತ್ತೊಂಬತ್ತು.

ಎರಡು ಫೂಟು ಮಣ್ಣು, ಎರಡು ಬಂಡಿಗೆ ಕಡಿಮೆಯಿಲ್ಲ. ಭರಮಣ್ಣ ಒಮ್ಮೆ ರೇವಪ್ಪನ ಕಡೆ, ಒಮ್ಮೆ ಗೆಳೆಯನ ಕಡೆ ನೋಡಿ, ಕಿಸೆಯಿಂದ ಆ ಕಾಗದ ತೆಗೆದು ಎರಡು ತುಂಡು ಮಾಡಿದ. "ಗುರಲಿಂಗಾ, ಬಿಡಗಡಿ ಆತಲ್ಲೋ!" ಎಂದ. ಗುರಲಿಂಗನ ಕಣ್ಣುಗಳು ತುಂಬಿದ್ದವು. ರೇವಪ್ಪನ ಎದೆಯೂ ಹಗುರಾಯಿತು. ಸಾವಂತ್ರವ್ವ ಇವತ್ತು ಮನೆಗೆ ಹೋಗಿ ರೊಟ್ಟಿಯ ಗಂಟು ಬಿಚ್ಚಬಹುದು.

ಅವನು ಬಾಳಾಸಾಹೇಬನ ಕಡೆ ತಿರುಗಿದ. ಬಿಳಿಚಿಕೊಂಡ ಮುಖವನ್ನು ಕಾಣುತ್ತೇನೆ ಎಂದುಕೊಂಡಿದ್ದ. ಕಂಡದ್ದು ಬೇರೆ. ಬಾಳಾಸಾಹೇಬ ಬಾಯಿ ತೆರೆದು ಪೇವಿನೊಳಗೆ ನೋಡುತ್ತಿದ್ದ, ತನ್ನ ಮನೆಯಲ್ಲಿ ತನಗೇ ಗೊತ್ತಿಲ್ಲದ ಕೋಣೆ ಕಂಡವನ ಹಾಗೆ.

"ಯಾವ ಹರಾಮಖೋರ ನನ್ನ ಪೇವಿನಾಗ ಮಣ್ಣ ಹಾಕ್ಯಾನ?" ಎಂದು ಕೂಗಿದ. "ಏ, ನಿಂತು ಏನ ನೋಡ್ತೀರೋ? ಗುದ್ದಲಿ ತರ್ರಿ. ಅಗೀರಿ! ನನ್ನ ಮುಂದ ಅಗೀರಿ. ಹವಾಲ್ದಾರ್ರ, ನೀವೂ ಇಲ್ಲೇ ನಿಂದರ್ರಿ."

ರೇವಪ್ಪ ಮೊದಲ ಬಾರಿಗೆ ತಡವರಿಸಿದ. ಹೂತಿಟ್ಟವನು ಅಗೆಯಿರಿ ಎನ್ನುವುದಿಲ್ಲ.

ಪೇವಿನಲ್ಲಿ ಇಳಿಯುವ ಮೊದಲು ಕಂದೀಲು ಇಳಿಸಿ ನೋಡುವುದು ಹರಿಪುರದ ರೂಢಿ. ಮುಚ್ಚಿದ ಪೇವಿನ ಕೆಟ್ಟ ಗಾಳಿಗೆ ದೀಪ ಆರಿದರೆ ಮನುಷ್ಯನೂ ಆರುತ್ತಾನೆ. ಆಳು ಹಾಡುಹಗಲಲ್ಲಿ ಕಂದೀಲು ಹಚ್ಚಿ ಹಗ್ಗಕ್ಕೆ ಕಟ್ಟಿ ಇಳಿಸಿದ. ಎಲ್ಲರೂ ಬಾಯಿಯ ಸುತ್ತ ನಿಂತು ಜ್ವಾಲೆ ನೋಡತೊಡಗಿದರು. ಅದು ಒಮ್ಮೆ ಅಳುಕಿತು, ಆಮೇಲೆ ನೆಟ್ಟಗೆ ನಿಂತಿತು.

"ನಡೀತೈತ್ರಿ. ಇಳೀಬಹುದು," ಎಂದ ಆಳು, ಹಗ್ಗವನ್ನು ಗೂಟಕ್ಕೆ ಬಿಗಿಯುತ್ತ.

"ಸಹಿ ಉಳೀತು," ಎಂದ ರೇವಪ್ಪ. ಏನಾದರೂ ಮಾಡಬೇಕಿತ್ತು, ಕಟ್ಟಳೆ ನೆನಪಾಯಿತು. ವಹಿಯಲ್ಲಿ ತಾನೇ ಬರೆದ: 'ಪೇವ ೧೭. ಎರಡನೆಯ ಅಳತೆ. ೧೯ ಫೂಟು.' ಪೆನ್ಸಿಲನ್ನು ಭರಮಣ್ಣನಿಗೆ ಕೊಟ್ಟ.

ಭರಮಣ್ಣ ಎಡ ಅಂಗೈಯ ಮೇಲೆ ವಹಿ ಇಟ್ಟುಕೊಂಡು ಸಹಿ ಮಾಡಿದ. ಅವನ ಅಂಗೈ ನುಣ್ಣಗಿತ್ತು.

ರೇವಪ್ಪನ ಕಣ್ಣು ಅಲ್ಲೇ ನಿಂತಿತು.

"ಭರಮಣ್ಣಾ, ನೀ ಎಷ್ಟ ಗೂಟ ಬಡದಿ?"

"ನಾನ್ರಿ? ಇಪ್ಪತ್ತು ಆಗಿರಬೇಕರಿ. ಗುರಲಿಂಗನಕಿಂತ ನನ್ನವ ಹೆಚ್ಚು."

ಇಪ್ಪತ್ತು ಗೂಟ ಬಡಿದ ಕೈಗೆ ಒಂದು ಬೊಬ್ಬೆ ಇಲ್ಲ. ಗುರಲಿಂಗನ ಕೈಯವು ಕೊಡತಿ ಹಿಡಿದು ಗೂಟ ಬಡಿದರೆ ಏಳುವಂಥ ಬೊಬ್ಬೆಯೂ ಅಲ್ಲ. ಮೂವತ್ತು ವರ್ಷ ಗಡಿಗಲ್ಲು ನೆಡಿಸಿದವನಿಗೆ ಅದು ಚಾವಡಿಯಲ್ಲೇ ಹೊಳೆಯಬೇಕಿತ್ತು. ಎರಡು ಬಂಡಿ ಎರೆಮಣ್ಣನ್ನು ಸಲಿಕೆಯಲ್ಲಿ ಎತ್ತಿ ಹಾಕಿದ ಕೈ ಹಾಗಿರುತ್ತದೆ. ವಾರದಲ್ಲಿ ಮೂರು ಸಲ ಬರುತ್ತಿದ್ದ, ಧೋಂಡಿಬಾನೂ ಅವನೂ ಕೂಡಿ ಪೇವಿನ ಹೊಲಕ್ಕೆ ಹೋಗುತ್ತಿದ್ದರು. ತುಳಸವ್ವ ಹೇಳಿದ್ದಳು. ರೇವಪ್ಪ ಅದನ್ನು ಕಿವಿಗೆ ಹಾಕಿಕೊಳ್ಳದೆ ಛತ್ರಿ ಎತ್ತಿಕೊಂಡು ಬಂದಿದ್ದ.

ಗುರಲಿಂಗ ವಹಿ ತೆಗೆದುಕೊಂಡು, ಸುಲಿದ ಕೈಯಿಂದ ನಿಧಾನವಾಗಿ ತನ್ನ ಹೆಸರು ಬರೆದ. ಅಕ್ಷರಗಳು ಎಂದಿನಂತೆ ಚೊಕ್ಕವಾಗಿದ್ದವು. ವಹಿ ಹಿಂದಕ್ಕೆ ಕೊಟ್ಟು, ಎರಡು ಹೆಜ್ಜೆ ನಡೆದು, ಆಳು ಇಳಿಯಲು ಹಿಡಿದಿದ್ದ ಹಗ್ಗದ ಮೇಲೆ ಕಾಲಿಟ್ಟು ನಿಂತ.

"ಅಗಸಬ್ಯಾಡ್ರಿ ಕಾಕಾ," ಎಂದ.

"ಯಾಕೋ?" ಕೇಳಿದವನು ಬಾಳಾಸಾಹೇಬ. ಗುರಲಿಂಗ ಅವನ ಕಡೆ ನೋಡಲಿಲ್ಲ. ರೇವಪ್ಪನನ್ನೇ ನೋಡುತ್ತಿದ್ದ.

"ಯಾರಿಗೂ ಹೇಳೂದಿಲ್ಲ ಅಂತ ಸ್ಕೌಟಿನ ಮಾತು ಕೊಟ್ಟೇನಿ. ಇಷ್ಟ ಮಾತ್ರ ಹೇಳ್ತೇನಿ. ಈ ಮಣ್ಣು ಹಾಕಿದವ್ರೂ ಇಬ್ರ ಕಾಕಾ. ಒಬ್ರು ಸತ್ತಾರ."

ಜ್ಯೋತೆಪ್ಪ ಬಾಯಲ್ಲಿದ್ದ ಎಲೆಯನ್ನು ಉಗುಳಿ, ಸೊಂಟದ ಬೇಡಿಗೆ ಕೈ ಹಾಕಿದ. ಭರಮಣ್ಣ ಕಾಲ ಬಳಿ ಬಿದ್ದಿದ್ದ ಕಾಗದದ ಎರಡು ತುಂಡುಗಳನ್ನು ನೋಡುತ್ತ ನಿಂತಿದ್ದ.